ಅವ್ವನ ಪಾಲಿನ ಮೂವತ್ತು ಸಲ

ಕಳೆದ ವಾರ ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನಮ್ಮ ಅವ್ವ ಮಾಡಬೇಕಿದ್ದ ವ್ಯಾಯಾಮವನ್ನು ನನ್ನ ತಮ್ಮ ಬಸು ಮಾಡಿದ. (ಹೌದು, ಸರಿಯಾಗಿಯೇ ಓದಿದಿರಿ.)

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಈಗಲೇ ಎದ್ದು ವಾಕರ್ ಹಿಡಿದು ನಡೆಯದಿದ್ದರೆ ಕಾಲಿನ ಶಕ್ತಿ ಹೋಗುತ್ತದೆ, ಮುಂದೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಅವ್ವನಿಗೆ ಏನೂ ಅನ್ನಿಸಲಿಲ್ಲ. "ನನ್ನ ಕೈಲೆ ಆಗೂದಿಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಫಿಜಿಯೋಥೆರಪಿ ಕೋಣೆಯ ನಸೀಮಾ ಮೇಡಂ ಬಲು ಖಡಕ್. "ಅವ್ವಾರ, ಮೂವತ್ತು ಸಲ ಕಾಲು ಎತ್ರಿ" ಎಂದರು.

ಶುರುವಾಯಿತು ನಮ್ಮವರ ಚೌಕಾಸಿ. ಅವ್ವನನ್ನು ಮಾತಾಡಿಸಲು ಯರಗಟ್ಟಿಯಿಂದ ಬಂದಿದ್ದ ಅವಳ ತಂಗಿ, ನಮ್ಮ ಚಿಗವ್ವ, "ಮೂವತ್ತು ಭಾಳ ಆತ್ರಿ ಮೇಡಂ, ಹತ್ತಕ್ಕ ಮುಗಸ್ರಿ" ಎಂದಳು. ನಾನು ಹದಿನೈದಕ್ಕೆ ಒಪ್ಪಿಸಲು ನೋಡಿದೆ. (ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಾನು ಇಷ್ಟು ಜೋರು ಮಾಡಿದವಳಲ್ಲ.) ಅವ್ವ ಮೂರು ಸಲ ಎತ್ತಿ ಕಣ್ಣು ಮುಚ್ಚಿದಳು.

ಆಗ ಬಸು ಪಕ್ಕದ ಖಾಲಿ ಮಂಚ ಏರಿ ಅಂಗಾತ ಮಲಗಿದ. "ಉಳದದ್ದು ನಾ ಎತ್ತತೇನಿ. ನೀವು ಎಣಸ್ರಿ."

ನಗಬೇಡಿ. ಹಿಂದೊಮ್ಮೆ ಅವ್ವ ಸವದತ್ತಿ ಗುಡ್ಡಕ್ಕೆ ದೀಡ ನಮಸ್ಕಾರದ ಹರಕೆ ಹೊತ್ತಿದ್ದಳು. ಅವಳಿಗೆ ಮೊಣಕಾಲು ನೋವೆಂದು ಇವನೇ ನೆಲಕ್ಕೆ ಉದ್ದಕ್ಕೂ ಬೀಳುತ್ತ ಏಳುತ್ತ ಹರಕೆ ತೀರಿಸಿ ಬಂದಿದ್ದ. ನಮ್ಮ ಕಡೆ ಹೀಗೆಯೇ. ಮನೆಯಲ್ಲಿ ಯಾರು ಮಾಡಿದರೂ ಪುಣ್ಯ ಸರಿಯಾದ ವಿಳಾಸಕ್ಕೇ ಹೋಗುತ್ತದೆ.

ಚಿಗವ್ವ ಈ ಹರಕೆಯ ಕಥೆಯನ್ನು ಮೇಡಂಗೂ ಹೇಳಿದಳು. "ದೇವರಿಗೆ ನಡೀತೈತ್ರಿ, ಕಾಲಿಗೆ ನಡ್ಯಾಂಗಿಲ್ಲ" ಎಂದರು ಮೇಡಂ.

ಬಸು ಕೇಳಬೇಕಲ್ಲ! ಎತ್ತಿಯೇ ಎತ್ತಿದ. ಚಿಗವ್ವ ಎಣಿಸಿದಳು. ಬೇರೆ ಪೇಶಂಟುಗಳ ಕಡೆಯವರೂ ದನಿಗೂಡಿಸಿದರು. ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ ಕೂತೇ ಹೊಟ್ಟೆ ಬೆಳೆಸಿದವನು ಅವನು. ಇಪ್ಪತ್ತನೆಯದಕ್ಕೆ ಸೊಂಟದಲ್ಲಿ ಚಳಕು ಹಿಡಿಯಿತು. "ಯವ್ವಾ!" ಎಂದು ಚೀರಿದ.

ಅವ್ವ ಕಣ್ಣು ಬಿಟ್ಟಳು. "ಕೂಸು ಒದ್ದಾಡಾಕ ಹತ್ತೇತಿ, ನಿಂತು ಎಣಸ್ತೀರಲ್ಲ! ಸರೀರಿ!" ಎಂದು ನಮ್ಮನ್ನೆಲ್ಲ ಬೈಯುತ್ತ ಎದ್ದು ಕೂತಳು. (ಕೂಸಿಗೆ ನಲವತ್ತೆಂಟು ವರ್ಷ.) ವಾಕರ್ ಎಳೆದುಕೊಂಡಳು. ನಿಂತಳು. ಒಂದು ಹೆಜ್ಜೆ. ಎರಡು.

"ಬ್ಯಾಡ ಅಕ್ಕಾ, ಕುಂಡ್ರು!" ಎಂದು ಓಡಿದ ಚಿಗವ್ವನ ರಟ್ಟೆಯನ್ನು ಮೇಡಂ ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. ತಾವು ಮಾತ್ರ ಅವ್ವನ ಬೆನ್ನ ಹಿಂದೆಯೇ ಕೈಯೊಡ್ಡಿಕೊಂಡು ನಡೆದರು. ನಾಲ್ಕನೆಯ ಹೆಜ್ಜೆಗೆ ಅವ್ವ ಮಗನ ಮಂಚ ಮುಟ್ಟಿ ಅವನ ಸೊಂಟದ ಮೇಲೆ ಕೈಯಿಟ್ಟಳು. ನಾನು ಅತ್ತುಬಿಟ್ಟೆ.

ಮೇಡಂ ಬಸುವಿನ ಹೆಸರಿಗೂ ಒಂದು ಫೈಲ್ ಮಾಡಿಸಿದರು. "ನಾಳೆನೂ ಬಂದು ಇಲ್ಲೇ ಮಲಗ್ರಿ. ಮಂಚ ಎರಡು ಹೆಜ್ಜಿ ದೂರ ಹಾಕತೇನಿ."

ಅಂದಿನಿಂದ ದಿನಾ ಅವನು ಅಂಗಡಿ ಮುಚ್ಚಿ ಬಂದು ಮಲಗಿ ನರಳುತ್ತಾನೆ. ದಿನಾ ಮಂಚ ದೂರ ಸರಿಯುತ್ತದೆ. ನಿನ್ನೆ ಅವ್ವ ಹದಿನಾಲ್ಕು ಹೆಜ್ಜೆ ನಡೆದಳು.

ಬಸುವಿನ ಸೊಂಟನೋವು ವಾಸಿಯಾಗಿ ಮೂರು ದಿನವಾಯಿತೆಂದು ಅವಳಿಗೆ ಹೇಳುವವರು ಯಾರು?