ಕೂಸಿನ ಸಲುವಾಗಿ ಬಂದ ಪೈಲ್ವಾನ

ನನ್ನ ಮಾವನ ಎರಡೂ ಕಿವಿಗಳು ಒಣ ಅಂಜೂರದ ಹಾಗೆ ಮುದ್ದೆಗಟ್ಟಿದ್ದವು. ಹರೆಯದಲ್ಲಿ ಕುಸ್ತಿ ಹಿಡಿಯುವಾಗ ಎದುರಾಳಿಗಳ ತೋಳು, ತಲೆ, ಮೊಣಕೈಗಳಿಗೆ ಸಿಕ್ಕು ತಿಕ್ಕಿ ತಿಕ್ಕಿ ಹಾಗಾಗಿದ್ದವಂತೆ. ನೋಡಿದವರಿಗೆ ಅಯ್ಯೋ ಅನ್ನಿಸುತ್ತಿತ್ತು, ಅವರಿಗೆ ಮಾತ್ರ ಅದೇ ಹೆಮ್ಮೆ. ಕ್ಷೌರಕ್ಕೆ ಕೂತಾಗಲೆಲ್ಲ "ಬಾಜೂದ ಕೂದಲಾ ಪೂರ್ತಿ ತಗೀಪಾ, ಕಿವಿ ಕಾಣಬೇಕು" ಎನ್ನುತ್ತಿದ್ದರು. ನನ್ನ ಮಗಳಿಗೆ ಎರಡು ವರ್ಷವಿದ್ದಾಗ, ಅಜ್ಜನ ಹೆಗಲ ಸವಾರಿಗೆ ಆ ಕಿವಿಗಳೇ ಹಿಡಿಕೆ. ಎಡಗಿವಿ ಎಳೆದರೆ ಅಜ್ಜ ಎಡಕ್ಕೆ ತಿರುಗಬೇಕು, ಬಲಗಿವಿ ಎಳೆದರೆ ಬಲಕ್ಕೆ. ಎರಡನ್ನೂ ಎಳೆದರೆ ನಿಲ್ಲಬೇಕು.

ತಿರ್ಲಾಪುರದಲ್ಲಿ ಅವರಿಗೆ ಒಂದಿಷ್ಟು ಹತ್ತಿ ಹೊಲವಿತ್ತು, ಊರ ಗರಡಿಮನೆಯ ಯಜಮಾನಿಕೆಯೂ ಇತ್ತು. ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿ, ಒಂದು ಚರಿಗೆ ಹಾಲು ಕುಡಿದು ಗರಡಿಗೆ ಹೋದರೆ ಬಿಸಿಲೇರುವ ತನಕ ಹುಡುಗರನ್ನು ಬೈಯುತ್ತ ಕೂರುವುದು ಅವರ ದಿನಚರಿ. ಹೊಸಬರು ಯಾರೇ ಸಿಗಲಿ, ಮಾತಿಗೆ ಮುಂಚೆ ರಟ್ಟೆ ಹಿಚುಕಿ ನೋಡುತ್ತಿದ್ದರು. ನಾನು ಹೆಣ್ಣು ನೋಡಲು ಹೋದ ದಿನ ನನ್ನ ರಟ್ಟೆಗೂ ಆ ಗತಿ ಬಂತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನ ರಟ್ಟೆಯಲ್ಲಿ ಏನಿದ್ದೀತು? "ಮಾಸ್ತರ, ನೀವು ಸುಣ್ಣದ ಕಡ್ಡಿ ಬಿಟ್ರ ಬ್ಯಾರೆ ಏನೂ ಎತ್ತಿಲ್ಲ ಅಂತ ಕಾಣತೈತಿ" ಎಂದರು. ಕೂತವರೆಲ್ಲ ನಕ್ಕರು. ನಾನು ಬೆವತುಹೋದೆ. ಆಮೇಲೆ ಅವರೇ, "ಇರ್ಲಿ ಬಿಡ್ರಿ, ನನ್ನ ಮಗಳ ಕೈಯಾಗ ಬೇಕಾದಷ್ಟು ಬಲಾ ಐತಿ" ಎಂದು ಸಂಬಂಧ ಒಪ್ಪಿಕೊಂಡರು.

ಅದು ಸುಳ್ಳಾಗಿರಲಿಲ್ಲ. ನನ್ನ ಹೆಂಡತಿ ಚಿಕ್ಕವಳಿದ್ದಾಗ ಅಪ್ಪನ ಬೆನ್ನುಹತ್ತಿ ಗರಡಿಗೆ ಹೋಗಿ, ಕೆಂಪು ಮಣ್ಣಿನಲ್ಲಿ ಹೊರಳಾಡಿ, ಹುಡುಗರ ಜೊತೆಗೇ ಪಟ್ಟು ಕಲಿತವಳು. ಹನ್ನೊಂದೋ ಹನ್ನೆರಡೋ ವರ್ಷವಾದಾಗ ಒಂದು ಬೆಳಿಗ್ಗೆ ಅಪ್ಪ ಅವಳನ್ನು ಬಾಗಿಲಲ್ಲೇ ತಡೆದು, "ಇನ್ನ ನೀ ಇಲ್ಲಿ ಬರೂದು ಬ್ಯಾಡವಾ, ದೊಡ್ಡಾಕಿ ಆದಿ" ಎಂದರಂತೆ. ಅವಳು ಅಳಲಿಲ್ಲ, ವಾದಿಸಲಿಲ್ಲ. ಶಾಲೆಯ ಮೈದಾನಕ್ಕೆ ಹೋಗಿ ಫುಟ್‌ಬಾಲ್ ಒದೆಯತೊಡಗಿದಳು. ಶಾಲೆಗೆ ಆಡಿದಳು, ಕಾಲೇಜಿಗೆ ಆಡಿದಳು, ವಿಶ್ವವಿದ್ಯಾಲಯದ ತಂಡಕ್ಕೂ ಆಡಿದಳು. ಕೊನೆಗೆ ನಮ್ಮ ತಾಲೂಕಿನದೇ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ಕೆಲಸಕ್ಕೆ ಸೇರಿ, ಸುತ್ತಲಿನ ಹಳ್ಳಿಯ ಹುಡುಗಿಯರನ್ನು ಕೂಡಿಸಿ ಒಂದು ತಂಡ ಕಟ್ಟಿದಳು. ಇಷ್ಟೂ ವರ್ಷಗಳಲ್ಲಿ ಅವಳ ಒಂದೇ ಒಂದು ಆಟಕ್ಕೂ ಅಪ್ಪ ಹೋಗಿರಲಿಲ್ಲ. ಮೊದಮೊದಲು ಕರೆಯುತ್ತಿದ್ದಳು. ಆಮೇಲೆ ಕರೆಯುವುದನ್ನು ಬಿಟ್ಟಳು. ಅಪ್ಪ-ಮಗಳು ಮಳೆಯ ಬಗ್ಗೆ ಮಾತಾಡುತ್ತಿದ್ದರು, ಹತ್ತಿಯ ಬಗ್ಗೆ, ಕೂಸಿನ ಹೊಸ ಹಲ್ಲಿನ ಬಗ್ಗೆ ಮಾತಾಡುತ್ತಿದ್ದರು. ಫುಟ್‌ಬಾಲಿನ ಸುದ್ದಿ ಬಂತೆಂದರೆ ಇಬ್ಬರಲ್ಲೊಬ್ಬರು ನೀರು ಕುಡಿಯಲು ಏಳುತ್ತಿದ್ದರು.

ಆ ಭಾನುವಾರ ನವಲಗುಂದದ ಮೈದಾನದಲ್ಲಿ ಅವಳ ಹುಡುಗಿಯರಿಗೆ ಹುಬ್ಬಳ್ಳಿಯ ಒಂದು ಕಾಲೇಜಿನ ಮೇಲೆ ಸೆಮಿಫೈನಲ್ ಇತ್ತು. ಅವಳು ಬೇಗನೇ ಎದ್ದು ಹೊರಟುಹೋಗಿದ್ದಳು. ಮಗಳಿಗೆ ಅವಳ ಅವ್ವನ ತಂಡದ ಆಟವನ್ನು ಮೊದಲ ಸಲ ತೋರಿಸಬೇಕೆಂದು ನಾನು ಟೊಪ್ಪಿಗೆ, ಹಾಲಿನ ಬಾಟಲಿ, ಬಿಸ್ಕಿಟು, ಬದಲಿ ಚಡ್ಡಿಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದೆ. ಅಷ್ಟರಲ್ಲಿ ಮಾವ ಹಸಿ ಕಡಲೆಗಿಡದ ಸೂಡು ಹಿಡಿದು ಬಾಗಿಲಿಗೆ ಬಂದರು.

"ಎಲ್ಲಿ ಹೊಂಟೀರಿ ಮಾಸ್ತರ, ಇಷ್ಟೆಲ್ಲಾ ಗಂಟು ಕಟ್ಟಿಕೊಂಡು?"

"ಕೂಸಿಗೆ ಫುಟ್‌ಬಾಲ್ ತೋರಸಾಕ ಹೊಂಟೇನ್ರಿ. ನೀವೂ ಬರ್ರಿ."

"ಕುಸ್ತಿ ಇದ್ರ ಹೇಳ್ರಿ, ಬರ್ತೇನಿ. ಚೆಂಡಿನ ಬೆನ್ನ ಹತ್ತಿ ಓಡೂದು ನೋಡಾಕ ನಾ ಯಾಕ ಬರ್ಲಿ?"

"ನನ್ನ ಒಬ್ಬನ ಕೈಲೆ ಈಕಿ ತಡಿಯೂದಿಲ್ರಿ" ಎಂದೆ. ಅದಂತೂ ನಿಜ.

ಮಗಳು ಆಗಲೇ ಅಜ್ಜನ ಧೋತರ ಹಿಡಿದು "ಹೋಗೂಣು ಅಜ್ಜಾ, ಹೋಗೂಣು" ಎಂದು ಜಗ್ಗತೊಡಗಿದ್ದಳು. ಮಾವ ಅವಳನ್ನು ಎತ್ತಿ ಹೆಗಲಿಗೇರಿಸಿಕೊಂಡರು. "ಕೂಸಿನ ಸಲುವಾಗಿ ಬರ್ತೇನಿ ಮತ್ತ, ಆಟದ ಸಲುವಾಗಿ ಅಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಎರೆಮಣ್ಣಿನ ಬಯಲಿಗೆ ಗರಸು ಹಾಕಿ ಸಮ ಮಾಡಿದ ಮೈದಾನ ಅದು. ಬಿಳಿ ಸುಣ್ಣದ ಗೆರೆಗಳು ಎಳೆಬಿಸಿಲಿಗೆ ಹೊಳೆಯುತ್ತಿದ್ದವು. ಕಾಂಪೌಂಡಿನ ಮೇಲೆ ಸಾಲಾಗಿ ಮಂದಿ ಕೂತಿದ್ದರು. ಗೋಲ್‌ಕೀಪರ್ ಹುಡುಗಿ ಯಮನೂರಿನವಳು. ಅವಳ ತಾಯಿ ಓಣಿಯ ಮಂದಿಯನ್ನೆಲ್ಲ ಒಂದು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಬಂದಿದ್ದರು. ಧ್ವನಿವರ್ಧಕದಲ್ಲಿ ಯಾರೋ "ಹಲೋ, ಹಲೋ" ಎನ್ನುತ್ತಲೇ ಇದ್ದರು. ಮಗಳ ಕಣ್ಣುಗಳು ಯಾವುದನ್ನು ನೋಡಬೇಕೆಂದು ತಿಳಿಯದೆ ಸುತ್ತುತ್ತಿದ್ದವು. ರೆಫರಿಯ ಮೊದಲ ಸೀಟಿಗೆ ಬೆಚ್ಚಿ ಅಜ್ಜನ ತಲೆಯನ್ನು ತಬ್ಬಿಕೊಂಡಳು. ಎರಡನೆಯದಕ್ಕೆ ಇಣುಕಿ ನೋಡಿದಳು. ಮೂರನೆಯದಕ್ಕೆ ತಾನೇ ಬಾಯಿ ಚೂಪು ಮಾಡಿ "ಪೀ" ಎಂದಳು. ಆಚೆ ಬದಿಯಲ್ಲಿ ಟ್ರ್ಯಾಕ್‌ಸೂಟ್ ತೊಟ್ಟು ನಿಂತ ತಾಯಿ ಕಣ್ಣಿಗೆ ಬಿದ್ದದ್ದೇ "ಅವ್ವಾ! ಅವ್ವಾ!" ಎಂದು ಕಿರುಚಿದಳು. ಗದ್ದಲದಲ್ಲಿ ಅದು ಅಲ್ಲಿಗೆ ಮುಟ್ಟಲಿಲ್ಲ. ಅಪ್ಪ ಬಂದಿದ್ದು ನನ್ನ ಹೆಂಡತಿಗೆ ಗೊತ್ತಿರಲಿಲ್ಲ.

ಮಾವ ಗೆರೆಯ ಹತ್ತಿರ ನೆಲಕ್ಕೆ ಕೂತು, ಅರ್ಧ ಬೆನ್ನು ತಿರುಗಿಸಿ, ಮೊಮ್ಮಗಳಿಗೆ ಕಡಲೆ ಸುಲಿದು ಕೊಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಕಡೆಯ ಸಣಕಲು ಹುಡುಗಿಯೊಬ್ಬಳು ಚೆಂಡು ತಳ್ಳಿಕೊಂಡು ಮುನ್ನುಗ್ಗಿದಳು. ಹುಬ್ಬಳ್ಳಿಯವಳು ಹಿಂದಿನಿಂದ ಬಂದು ಕಾಲು ಕೊಟ್ಟು ಕೆಡವಿದಳು. ಹುಡುಗಿ ನಮ್ಮೆದುರಿಗೇ ಬಿದ್ದಳು, ಮೊಣಕಾಲು ತರಚಿ ರಕ್ತ ಬಂತು. ಮಾವನ ಕೈಯಲ್ಲಿದ್ದ ಕಡಲೆ ಚೆಲ್ಲಿತು.

"ಏ! ಹಿಂದಿನಿಂದ ಬಂದು ಕೆಡವೂದು ಯಾವ ಪದ್ಧತಿ? ಎದುರಿಗೆ ಬಾ ಅನ್ರಿ ಆಕಿಗೆ!"

ಬಿದ್ದ ಹುಡುಗಿ ತಾನೇ ಎದ್ದಳು. ಗಾಯದ ಮೇಲೆ ಒಂದಿಷ್ಟು ಮಣ್ಣು ಸವರಿಕೊಂಡು ಓಡಿದಳು. ಮಾವ ಅವಳನ್ನೇ ನೋಡುತ್ತ ನಿಂತರು. ಆಮೇಲೆ ಅವರು ಕೂರಲೇ ಇಲ್ಲ. ನಿಯಮ ಒಂದೂ ಗೊತ್ತಿಲ್ಲ, ಆದರೂ ಸುಮ್ಮನಿರಲು ಬರುವುದಿಲ್ಲ. "ಪಟ್ಟು ಬಿಡಬ್ಯಾಡವಾ! ಕಾಲ ಹಿಡೀ! ಕಾಲ ಹಿಡದು ಒಗೀ ಆಕೀನ!" ಎಂದು ಅರಚಿದರು. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಜ್ಜಾರ, ಇದು ಕುಸ್ತಿ ಅಲ್ರಿ" ಎಂದು ಒಬ್ಬ ಕೂಗಿದ. "ಗೊತ್ತೈತಿ ಬಿಡಲೇ" ಎಂದು ಗದರಿಸಿ ಮತ್ತೆ ಅದನ್ನೇ ಕೂಗಿದರು.

ಹುಬ್ಬಳ್ಳಿಯವರು ಒಂದು ಗೋಲು ಹೊಡೆದರು. ನಮ್ಮ ಕಡೆ ಎಲ್ಲ ತಣ್ಣಗಾಯಿತು. ನಾನೂ ಮಾವನೂ ಪೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ಸಾಕಾಯಿತು, ಕೂಸು ಕಾಲ ಸಂದಿಯಿಂದ ನುಸುಳಿ ಗೆರೆ ದಾಟಿತ್ತು!

ಚೆಂಡು ಅದೇ ಬದಿಗೆ ಉರುಳಿ ಬರುತ್ತಿತ್ತು. ಮಗಳು ಎರಡೂ ಕೈ ಚಾಚಿ ಓಡಿದಳು. ಅವಳ ಎದುರಿಗೆ ಇಬ್ಬರು ಹುಡುಗಿಯರು ವೇಗದಲ್ಲಿ ಬರುತ್ತಿದ್ದರು. ಚೀಲ ಎಸೆದು ನಾನು ಹೆಜ್ಜೆ ಕೀಳುವಷ್ಟರಲ್ಲಿ ಮಾವ ಚಪ್ಪಲಿ ಕಳಚಿ, ಧೋತರ ಎತ್ತಿ ಕಟ್ಟಿ, ಮೈದಾನದೊಳಗೆ ಅರ್ಧ ದಾರಿ ಹೋಗಿಯಾಗಿತ್ತು. ಮಂಡಿನೋವೆಂದು ನಮ್ಮ ಮನೆಯ ಮೆಟ್ಟಿಲು ಹತ್ತಲು ಗೊಣಗುತ್ತಿದ್ದ ಮನುಷ್ಯ! ರೆಫರಿ ಸೀಟಿ ಊದಿದರು. ಹುಡುಗಿಯರು ಹೇಗೋ ಎರಡು ಬದಿಗೆ ಸೀಳಿಕೊಂಡು ನಿಂತರು. ನಡುವೆ ನನ್ನ ಮಗಳು ಚೆಂಡಿನ ಮೇಲೆ ಬೋರಲು ಬಿದ್ದು, ಅದನ್ನು ಅಪ್ಪಿಕೊಂಡಿದ್ದಳು.

"ಕೊಡವಾ, ಆಟ ನಿಂತೈತಿ" ಎಂದರು ಮಾವ.

"ನಂದು" ಎಂದಳು.

"ಅವರದ್ದು ಐತಿ, ಕೊಡ."

"ನಂದು!"

ರೆಫರಿ ಬಂದು ಬಗ್ಗಿ ಕೇಳಿದರು. ಹುಬ್ಬಳ್ಳಿಯ ಹುಡುಗಿ ಬಂದು ಕೇಳಿದಳು. ಇಡೀ ಮೈದಾನ ನಗುತ್ತಿತ್ತು. ಆಚೆ ಬದಿಯಿಂದ ನನ್ನ ಹೆಂಡತಿ ಸಿಟ್ಟಿನಿಂದ ದಾಪುಗಾಲು ಹಾಕಿ ಬರುತ್ತಿದ್ದವಳು ನಡುವೆ ಥಟ್ಟನೆ ನಿಂತಳು. ಕೂಸಿನ ಪಕ್ಕದಲ್ಲಿ ಯಾರಿದ್ದಾರೆಂದು ಅವಳಿಗೆ ಆಗ ಕಂಡಿತ್ತು.

"ಅಪ್ಪಾ?" ಎಂದಳು.

ಮಾವ ಸಿಕ್ಕಿಬಿದ್ದವರಂತೆ, "ಕೂಸ ಓಡಿ ಬಂತವಾ" ಎಂದರು. 

ಅವಳು ಮಗಳ ಮುಂದೆ ಮಂಡಿಯೂರಿ, "ಒಂದ ಸಲ ಒದ್ದು ಕೊಡ್ತಿ?" ಎಂದು ಕೇಳಿದಳು. ಮಗಳು ಯೋಚಿಸಿದಳು. ಎದ್ದು ನಿಂತು, ಕಾಲು ಬೀಸಿ, ಚೆಂಡು ಒದ್ದು, ತಾನೂ ಕುಂಡಿಯ ಮೇಲೆ ಬಿದ್ದಳು. ಗೋಲೇ ಬಿತ್ತೆನ್ನುವಂತೆ ಜನ ಕೂಗಿದರು. ಮಾವ ಅವಳನ್ನು ಎತ್ತಿಕೊಂಡು ಹೊರಟರು. ಗೆರೆ ದಾಟುವ ಮುಂಚೆ ಬಗ್ಗಿ, ನೆಲ ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಂಡರು. ಗರಡಿಯ ಮಣ್ಣಿಗೆ ಮಾಡುವ ನಮಸ್ಕಾರ ಅದು. ನನ್ನ ಹೆಂಡತಿ ನಿಂತಲ್ಲೇ ನಿಂತು ಅದನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ನನಗೆ ಹೇಳಿದಳು: "ಅಪ್ಪ ಚಪ್ಪಲಿ ಬಿಟ್ಟು ಬಂದಿದ್ದ, ನೀವು ನೋಡಿದ್ರೇನು? ಕೂಸ ಬೀಳೂದರಾಗಿತ್ತು, ಆದ್ರೂ ಚಪ್ಪಲಿ ಬಿಟ್ಟು ಬಂದ."

ಎರಡನೇ ಅರ್ಧದಲ್ಲಿ ಮೊಣಕಾಲು ತರಚಿದ ಅದೇ ಸಣಕಲು ಹುಡುಗಿ ಎಲ್ಲಿಂದಲೋ ಬಂದ ಚೆಂಡಿಗೆ ತಲೆ ಕೊಟ್ಟಳು. ಗೋಲು! ಯಮನೂರಿನ ಟಂಟಂ ಹಾರ್ನ್ ಹೊಡೆಯುತ್ತಲೇ ಇತ್ತು. ಮಾವ ಮೊಮ್ಮಗಳನ್ನು ಮೇಲಕ್ಕೆ ಎಸೆದು ಹಿಡಿದರು, ಮತ್ತೆ ಎಸೆದರು. ಅವಳು ಕೇಕೆ ಹಾಕಿದಳು. ನಾನು ಗುರುತಿಲ್ಲದ ಯಾರನ್ನೋ ತಬ್ಬಿಕೊಂಡಿದ್ದೆ.

ಸಮಬಲದಲ್ಲಿ ಆಟ ಮುಗಿಯಿತು. ಇನ್ನು ಗೋಲಿನ ಮುಂದೆ ಚೆಂಡು ಇಟ್ಟು ಒಬ್ಬೊಬ್ಬರಾಗಿ ಒದೆಯಬೇಕು, ತಡೆಯಲು ಗೋಲ್‌ಕೀಪರ್ ಒಬ್ಬಳೇ. ನಾನು ಇದನ್ನು ಹೇಳುತ್ತಿದ್ದಂತೆ ಮಾವನ ಮುಖ ಬಿಳುಚಿತು. ಎಷ್ಟೋ ದೈತ್ಯರನ್ನು ಎತ್ತಿ ಒಗೆದ ಪೈಲ್ವಾನರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ನನ್ನ ಕೈಲೆ ನೋಡಾಕ ಆಗೂದಿಲ್ಲ. ಅವ್ವಾ, ನೀ ನೋಡಿ ಹೇಳ."

ಹೆಗಲ ಮೇಲಿನ ವರದಿಗಾರ್ತಿ ಶುರುಮಾಡಿದಳು.

"ಚೆಂಡ ಹೋತು!"

"ಎಲ್ಲಿ ಹೋತವಾ?"

"ಅಲ್ಲಿ."

"ಅಲ್ಲಿ ಅಂದ್ರ ಎಲ್ಲಿ? ಬಲೆಯಾಗೋ, ಹೊರಗೋ?"

"ಅಲ್ಲಿ, ಅಜ್ಜಾ!"

"ಮಾಸ್ತರ, ನೀವರ ಹೇಳ್ರಿ!"

ನಾನು ಬೆರಳು ಮಡಚಿ ಒದೆತ ಎಣಿಸುವುದರಲ್ಲಿ ಮುಳುಗಿದ್ದೆ. ಕೊನೆಗೆ ಹುಬ್ಬಳ್ಳಿಯವರ ಒಂದೇ ಒದೆತ ಉಳಿದಿತ್ತು. ಅದನ್ನು ತಡೆದರೆ ನಾವು ಗೆದ್ದಂತೆ. ಹುಡುಗಿ ಓಡಿ ಬಂದು ಒದ್ದಳು. ನಮ್ಮ ಯಮನೂರಿನ ಹುಡುಗಿ ಬಲಕ್ಕೆ ಹಾರಿದಳು. "ಅಕ್ಕ ಬಿದ್ಲು!" ಎಂದಳು ಮಗಳು ಗಾಬರಿಯಿಂದ. ಮಾವ ಕಣ್ಣು ತೆರೆದರು. ಅಕ್ಕ ಬಿದ್ದಿದ್ದಳು, ಅವಳ ಹೊಟ್ಟೆಯ ಕೆಳಗೆ ಚೆಂಡಿತ್ತು.

ಮುಂದಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಹುಡುಗಿಯರೆಲ್ಲ ಒಂದೇ ರಾಶಿಯಾಗಿ ಬಿದ್ದರು. ಅವರ ಕೈಗಳ ಮೇಲೆ ನನ್ನ ಹೆಂಡತಿ ತೇಲುತ್ತಿದ್ದಳು. ಮಗಳು ಎರಡೂ ಕೈಯಿಂದ ಅಜ್ಜನ ಬೋಳುತಲೆ ಬಾರಿಸುತ್ತಿದ್ದಳು. ಗದ್ದಲ ತಗ್ಗಿದ ಮೇಲೆ ನನ್ನ ಹೆಂಡತಿ ಬೆವರೊರೆಸುತ್ತ ನಮ್ಮ ಕಡೆ ಬಂದಳು.

"ಹೆಂಗಿತ್ತಪ್ಪಾ?"

ಮಾವ ಕೂಸನ್ನು ಹೆಗಲಿಂದ ಇಳಿಸಿದರು. "ಕುಸ್ತ್ಯಾಗ ಗೆದ್ದಾಂವ ಒಬ್ಬನ ಕುಣೀತಾನ, ಸೋತಾಂವ ಒಬ್ಬನ ಮನಿಗೆ ಹೋಗತಾನ. ಇಲ್ಲಿ ಆ ಕಡೀಕ ಒದ್ದ ಹುಬ್ಬಳ್ಳಿ ಹುಡುಗಿ ಅಳಾಕತ್ತಿದ್ಲು, ಆಕೀ ಗೆಳತ್ಯಾರೆಲ್ಲ ಬಂದು ಆಕೀನ ಹಿಡಕೊಂಡ್ರು. ನನಗ ಇದು ಗೊತ್ತಿರಲಿಲ್ಲ." ಆಮೇಲೆ ನೆಲ ನೋಡುತ್ತ ಹೇಳಿದರು: "ಮೊದಲ ಬರಬೇಕಾಗಿತ್ತವಾ. ನೀ ಆಡೂ ಮುಂದ ಬರಬೇಕಾಗಿತ್ತು."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಸುಳ್ಳಾಗುತ್ತಿತ್ತು. "ಬುಧವಾರ ಫೈನಲ್ ಐತಿ" ಎಂದಳು. "ಕೂಸಿನ್ನ ಕರಕೊಂಡು ಬಾ."

ಫೈನಲ್ ಸೋತೆವು. ಮಾವ ಬಂದಿದ್ದರು. ಆಮೇಲೆ ಧಾರವಾಡ, ಕುಂದಗೋಳ, ಗದಗು, ಎಲ್ಲೇ ಆಟವಿರಲಿ, ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಗರಡಿಯ ಹುಡುಗರನ್ನೂ ಎಳೆದು ತರುತ್ತಿದ್ದರು. ಹುಡುಗಿಯರಿಗೆ ಅವರು 'ಪೈಲ್ವಾನ್ ಅಜ್ಜ' ಆದರು. ಆಫ್‌ಸೈಡ್ ಎಂದರೇನೆಂದು ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ. ರೆಫರಿ ನಮ್ಮ ವಿರುದ್ಧ ಹೇಳಿದ್ದೆಲ್ಲ ಅವರ ಪ್ರಕಾರ ಅನ್ಯಾಯ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿದರು. ನನ್ನ ಹೆಂಡತಿ ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಅವಳ ತಂಡಕ್ಕೆ ಆಟವಿದ್ದ ದಿನ ಮಾವನೇ ಗದರಿಸಿದರು: "ಹೋಗ ನೀ. ಹುಡುಗ್ಯಾರು ಹಾದಿ ನೋಡ್ತಿರ್ತಾರ. ನಾ ಎಲ್ಲೆ ಓಡಿ ಹೊಕ್ಕೇನಿ?" ಅವಳು ಹೋದಳು. ಸಂಜೆ ಮೈಯೆಲ್ಲ ಧೂಳು ಹೊತ್ತು ಬಂದವಳನ್ನು ಕೂರಿಸಿಕೊಂಡು, ಬಿದ್ದ ಗೋಲುಗಳನ್ನೆಲ್ಲ ಮೊದಲಿನಿಂದ ಹೇಳಿಸಿದರು. ಒಂದು ಗೋಲಿನ ಕತೆಯನ್ನು ಎರಡು ಸಲ ಕೇಳಿದರು. ಅದೇ ವಾರ ತೀರಿಕೊಂಡರು. ತಿರ್ಲಾಪುರದ ಅವರ ಹೊಲದಲ್ಲೇ ಮಣ್ಣು ಮಾಡಿದೆವು.

ನನ್ನ ಮಗಳೀಗ ಎರಡನೇ ಇಯತ್ತೆ. ಮೊನ್ನೆ ಅವಳ ಶಾಲೆಯಲ್ಲಿ ಆಟೋಟ ಸ್ಪರ್ಧೆಯಿತ್ತು. ನಾನು ಅರ್ಧ ದಿನ ರಜೆ ಕೇಳಿದಾಗ ನಮ್ಮ ಹೆಡ್‌ಮಾಸ್ತರರು ನಕ್ಕರು. "ಸಣ್ಣ ಹುಡುಗಿ ಓಟಕ್ಕ ರಜಾ ಏನ್ರೀ?"

"ಹೌದ್ರಿ" ಎಂದೆ.

ಮಕ್ಕಳು ಆಡುವಲ್ಲಿಗೆ ಹೋಗಬೇಕೆಂಬುದನ್ನು ನಾನು ಕಲಿತದ್ದು ಮಾವನಿಂದ. ಅವರು ಹೋಗದೆ ಕಳೆದ ವರ್ಷಗಳಿಂದ ಒಂದಿಷ್ಟು, ಓಡೋಡಿ ಹೋದ ವರ್ಷಗಳಿಂದ ಮಿಕ್ಕಿದ್ದು. ಮಗಳು ಗೆರೆಯ ಮೇಲೆ ನಿಂತು ಜನರ ನಡುವೆ ನಮ್ಮನ್ನು ಹುಡುಕಿದಳು, ಕಂಡಕೂಡಲೇ ಹಲ್ಲು ಬಿಟ್ಟಳು. ಅದರಲ್ಲೇ ಸೀಟಿ ಕೇಳಿಸದೆ ಎಲ್ಲರಿಗಿಂತ ಹಿಂದೆ ಉಳಿದಳು. ತರಗತಿಯಲ್ಲೂ ದನಿ ಏರಿಸದ ನಾನು ಎದ್ದು ನಿಂತು, ಗಂಟಲು ಹರಿಯುವ ಹಾಗೆ "ಓಡವಾ! ಓಡ!" ಎಂದು ಕೂಗಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಬೆರಗಾಗಿ ನನ್ನ ಮುಖ ನೋಡಿದಳು. ಮರುಕ್ಷಣ ಅವಳೂ ಎದ್ದು ಕೂಗತೊಡಗಿದಳು.