ಏಜೆಂಟ್ ದುರುಗಣ್ಣ ಹತ್ತಿದ ವಿಮಾನ

ದಾವಣಗೆರೆಯ ಖಾಸಗಿ ಬಸ್ ನಿಲ್ದಾಣಕ್ಕೆ ಹೋದವರಿಗೆ ಬಸ್ಸಿನ ಹಾರ್ನಿಗಿಂತ ಮೊದಲು ದುರುಗಣ್ಣನ ಗಂಟಲು ಕೇಳಿಸುತ್ತಿತ್ತು. "ಹರಿಹರ, ಹರಿಹರ, ಹರಿಹರ! ಬಾತಿ, ಹರಿಹರ! ಬರ್ರಿ, ಹತ್ತ್ರಿ, ಸೀಟ್ ಐತೆ!" ಸೀಟು ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವನು ಬಸ್ ಏಜೆಂಟ್. ಕೂಗಿ ಕರೆದು ಬಸ್ಸು ತುಂಬಿಸಿ ಕಳಿಸುವುದೇ ಅವನ ಕೆಲಸ. ಮೀಸೆ ಮೂಡುವ ಮೊದಲು ಹಿಡಿದ ಕೆಲಸ, ಮೀಸೆ ನರೆತರೂ ಬಿಟ್ಟಿರಲಿಲ್ಲ.

ಉಳಿದ ಏಜೆಂಟರು ಕೂಗಿ ಸುಮ್ಮನಾಗುತ್ತಿದ್ದರು. ದುರುಗಣ್ಣನದು ಬೇರೆ ಪದ್ಧತಿ. ವಯಸ್ಸಾದ ಹೆಂಗಸೊಬ್ಬಳು ಚೀಲ ಹಿಡಿದು ಅತ್ತಿತ್ತ ನೋಡುತ್ತ ನಿಂತಳೋ, ಮುಗಿಯಿತು. ಇವನು ಹೋಗಿ ಆ ಚೀಲ ಕಿತ್ತುಕೊಂಡು ಮುಂದೆ ನಡೆದೇಬಿಡುವನು. ಚೀಲ ಹೋದ ಕಡೆ ಅಜ್ಜಿ ಹೋಗಲೇಬೇಕಲ್ಲ! ಅವಳ ರಟ್ಟೆ ಹಿಡಿದು ಹತ್ತಿಸಿ, ಮುಂದಿನ ಸೀಟಿನಲ್ಲಿ ಮೊಬೈಲು ನೋಡುತ್ತ ಕೂತ ಹುಡುಗನನ್ನು "ಏಳಲೇ, ನಿನ್ನವ್ವನ ವಯಸ್ಸಿನೋರು" ಎಂದು ಗದರಿಸಿ ಎಬ್ಬಿಸಿ, ಅಜ್ಜಿಯನ್ನು ಕೂಡಿಸಿ, ಚೀಲವನ್ನು ಅವಳ ಕಾಲ ಬಳಿ ಇಟ್ಟು ಇಳಿಯುವನು. ಇದರಲ್ಲಿ ದಯೆ ಎಷ್ಟು, ವ್ಯಾಪಾರ ಎಷ್ಟು ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ. ಕೈ ತಾನಾಗಿ ಚೀಲದ ಕಡೆ ಹೋಗುತ್ತಿತ್ತು, ಅಷ್ಟೆ.

ಯಾರಾದರೂ ತಪ್ಪು ಬಸ್ಸು ಹತ್ತಿದರೆ? ಅದೇನು ದೊಡ್ಡ ವಿಷಯ! "ಹೋಲ್ಡಾನ್!" ಎಂದು ಬಸ್ಸಿನ ತಗಡಿಗೆ ಎರಡು ಏಟು ಬಡಿದರೆ ಬಸ್ಸು ನಿಲ್ಲುತ್ತದೆ, ಹತ್ತಿದವರು ಇಳಿದು ನಗುತ್ತ ವಾಪಸು ಬರುತ್ತಾರೆ. ಅಲ್ಲದೆ ಅವನು ತುಂಬಿಸುತ್ತಿದ್ದ ಬಸ್ಸುಗಳೆಲ್ಲ ಹರಿಹರದ ಮೇಲೇ ಹೋಗುವಂಥವು. ಮುಂದಿನದು ಹತ್ತಿದರೂ ಹಿಂದಿನದು ಹತ್ತಿದರೂ ತುಂಗಭದ್ರೆಯ ದಂಡೆಗೇ ಹೋಗಿ ಇಳಿಯುತ್ತಿದ್ದರು. ಇಷ್ಟೇ ಅವನಿಗೆ ಗೊತ್ತಿದ್ದ ಪ್ರಯಾಣ. ಬಾತಿಯ ತನ್ನ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಬಾತಿಗೆ, ತಂಗಿಯ ನೆನಪಾದಾಗ ಹರಿಹರಕ್ಕೆ.

ತಂಗಿ ಮೀನಾಕ್ಷಿಯನ್ನು ಅವನೇ ಎತ್ತಿ ಆಡಿಸಿ ಸಾಕಿದ್ದು. ತಾಯಿ ಸತ್ತಾಗ ಅವಳಿನ್ನೂ ತೊಟ್ಟಿಲ ಕೂಸು. ಅಪ್ಪ ಕುಡಿದು ಕುಡಿದು ಹೋದ. ದುರುಗಣ್ಣ ಅವಳಿಗೆ ಜಡೆ ಹೆಣೆಯುವುದನ್ನೂ ಕಲಿತ, ಸೊಟ್ಟ ಜಡೆಯೆಂದು ಅವಳಿಂದ ಬೈಸಿಕೊಳ್ಳುವುದನ್ನೂ ಕಲಿತ. ಹೆಂಡತಿ ಕರಿಯವ್ವ ಬಂದ ಮೇಲೆ ಮನೆಗೆ ದೀಪ ಹಚ್ಚುವವರೊಬ್ಬರಾದರು, ಆದರೆ ಮಕ್ಕಳಾಗಲಿಲ್ಲ. ಹಾಗಾಗಿ ತಂಗಿಯೂ ಅವಳೇ, ಮಗಳೂ ಅವಳೇ. ಹರಿಹರದ ಗುರುಮೂರ್ತಿಗೆ ಕೊಟ್ಟು ಮದುವೆ ಮಾಡಿದ. ಕೂಗಳತೆಯ ದೂರ, ಬಸ್ಸಿನ ಡ್ರೈವರ್ ಮಾರಪ್ಪನ ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿ ಕಳಿಸಿದರೆ ಬಿಸಿ ಆರುವುದರೊಳಗೆ ಅವಳ ಮನೆ ಸೇರುತ್ತಿತ್ತು. ಆಮೇಲೆ ಗುರುಮೂರ್ತಿಗೆ ಸೂರತ್ತಿನ ಬಟ್ಟೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು, ಸಂಸಾರ ಅಲ್ಲಿಗೆ ಹೋಯಿತು.

"ಒಂದ್ ಸಲನಾದ್ರೂ ಬಾರಣ್ಣ. ನಮ್ಮನೆ ಹೆಂಗೈತೆ ಅಂತ ನೋಡಂಗಿಲ್ಲೇನು?" ಎಂದು ಅವಳು ಫೋನಿನಲ್ಲಿ ಜಗಳ ತೆಗೆಯುವಳು.

"ಬಸ್ ಸ್ಟ್ಯಾಂಡ್ ಯಾರು ನೋಡ್ತಾರವ್ವ?" ಎಂದು ಇವನು. ನಿಲ್ದಾಣವನ್ನು ಇವನೇ ಹೊತ್ತುಕೊಂಡು ನಿಂತ ಹಾಗೆ! "ಪಂಚಮಿಗೆ ಬರ್ತೀನಿ ತಗ. ಸೀರೆ ಹಿಡ್ಕಂಡೇ ಬರ್ತೀನಿ."

ಪಂಚಮಿಗೆ ತವರಿನಿಂದ ಸೀರೆ ಹೋಗಬೇಕು. ಹಸಿರು ಒಡಲು, ಕೆಂಪು ಅಂಚಿನ ಸೀರೆಯನ್ನು ಕರಿಯವ್ವನೇ ಆರಿಸಿ ತಂದಳು. ಹಬ್ಬ ಬಂತು, ಹಬ್ಬದ ರಶ್ಶೂ ಬಂತು. ದುರುಗಣ್ಣ ಹೋಗಲಿಲ್ಲ. ಸೀರೆ ಕಪಾಟಿನಲ್ಲೇ ಉಳಿಯಿತು. ಅಂಚೆಗಾದರೂ ಹಾಕಬಾರದಿತ್ತೇ ಈ ಮನುಷ್ಯ? "ಕೈಯಾರೆ ಕೊಡ್ತೀನಿ" ಎಂಬ ಹಟ.

ಒಂದು ಬೆಳಿಗ್ಗೆ ಅವನು ಮುಖ ತೊಳೆಯುತ್ತಿದ್ದಾಗ ಗುರುಮೂರ್ತಿಯ ಫೋನು ಬಂತು. ತಂಗಿಗೆ ನಾಲ್ಕು ದಿನದ ಜ್ವರ ಎಂದಿದ್ದರು, ಡೆಂಗ್ಯೂ ಎಂದಿದ್ದರು, ಈಗ ಮೇಲು ಎಂದೂ ಹೇಳಿದ್ದರು. ಮೀನಾಕ್ಷಿ ಹೋಗಿಬಿಟ್ಟಿದ್ದಳು.

ದುರುಗಣ್ಣ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತ. ಗುರುಮೂರ್ತಿ ಅಳುತ್ತಲೇ ಹೇಳಿದ: "ಊರಿಗೆ ತರೋ ಸ್ಥಿತಿ ಇಲ್ಲ ಭಾವ. ಬಾಡಿಗೆ ಮನೆ, ಓನರ್ ರಾತ್ರಿ ಇಡಬ್ಯಾಡ್ರಿ ಅಂತಾನೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ನೀವು ಬರ್ಲೇಬೇಕು. ಮುತ್ತೈದೆ ಸಾವು. ತವರಿನ ಸೀರೆ ಇಲ್ದೆ ಹೆಂಗೆ ಎತ್ಲಿ ಆಕಿನ?"

ಇದೊಂದು ಮಾತಿಗೆ ಎದುರಿಲ್ಲ. ಗಂಡನಿರುವಾಗ ಹೆಂಡತಿ ಸತ್ತರೆ ಅವಳ ಮೇಲೆ ಕೊನೆಗೆ ಹೊದಿಸುವುದು ಹುಟ್ಟಿದ ಮನೆಯ ಸೀರೆ. ತವರಿನವರು ತರಬೇಕು, ತಮ್ಮ ಕೈಯಾರೆ ಹೊದಿಸಬೇಕು. ಹೊದಿಸದಿದ್ದರೆ ದಿಕ್ಕಿಲ್ಲದವಳ ಹಾಗೆ ಹೋದಳು ಎಂದೇ ಅರ್ಥ. ಮೀನಾಕ್ಷಿಗೆ ತವರು ಎಂದರೆ ದುರುಗಣ್ಣ ಒಬ್ಬನೇ. ಕರಿಯವ್ವ ಕಪಾಟು ತೆಗೆದು ಪಂಚಮಿಯ ಸೀರೆಯನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿದಳು. ಅರಿಸಿನ, ಕುಂಕುಮ, ಹಸಿರು ಬಳೆ ಹಾಕಿದಳು. ಬಳೆ ಹಾಕುವಾಗ ಒಂದು ಒಡೆಯಿತು.

ಕೆ.ಬಿ. ಬಡಾವಣೆಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟಿದ್ದ ಗೆಳೆಯ ಚೌಡೇಶ್ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಮಾಡಿಸಿದ, ತನ್ನ ಕಾರಿನಲ್ಲೇ ಕೂಡಿಸಿಕೊಂಡು ರಾಜಧಾನಿಯ ತನಕ ಓಡಿಸಿದ. ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸರು ಚೌಡೇಶನನ್ನು ತಡೆದರು. ಟಿಕೆಟ್ ಇದ್ದವರಿಗಷ್ಟೇ ಒಳಗೆ.

"ಗೇಟ್ ನಂಬರ್ ನೋಡ್ಕ ದುರುಗಣ್ಣ. ಗೊತ್ತಾಗ್ಲಿಲ್ಲ ಅಂದ್ರ ಯಾರನ್ನಾದ್ರೂ ಕೇಳು, ನಾಚಿಕಿ ಮಾಡಬ್ಯಾಡ" ಎಂದ ಚೌಡೇಶ್.

"ಬಸ್ ಹತ್ಸೋನಿಗೆ ಹೇಳ್ಕೊಡ್ತೀಯೇನಲೇ" ಎಂದು ಬೇರೆ ದಿನವಾಗಿದ್ದರೆ ಅನ್ನುತ್ತಿದ್ದ ದುರುಗಣ್ಣ ಚೀಲವನ್ನು ಎದೆಗವಚಿಕೊಂಡು ಒಳಗೆ ಹೋದ.

ಪಾಪ, ಅವನು ಕೇಳಿದ. ಹೆಜ್ಜೆಹೆಜ್ಜೆಗೂ ಕೇಳಿದ. ಸರಿಯಾದ ಗೇಟಿಗೇ ಬಂದ, ಸರಿಯಾದ ಸಾಲಿನಲ್ಲೇ ನಿಂತ, ಅವನ ಪಾಸು ಹರಿದು ಅರ್ಧ ಕೈಗೆ ಕೊಟ್ಟದ್ದೂ ಆಯಿತು. ಅಲ್ಲಿಂದ ಕೆಳಗಿಳಿದರೆ ಅಕ್ಕಪಕ್ಕ ಎರಡು ಬಾಗಿಲು, ಎರಡು ಸಾಲು, ಹೊರಗೆ ಎರಡು ಬಸ್ಸು. ವಿಮಾನದ ತನಕ ಕರೆದೊಯ್ಯುವ ಬಸ್ಸುಗಳು. ಬಸ್ಸು ಕಂಡದ್ದೇ ಅವನ ಜೀವಕ್ಕೆ ಒಂದಿಷ್ಟು ಸಮಾಧಾನವಾಯಿತು. ಹಾಳು ಸಮಾಧಾನ!

ಪಕ್ಕದ ಸಾಲಿನಲ್ಲಿ ಒಬ್ಬ ಮುದುಕಿ ಇದ್ದಳು. ಬಿಳಿ ಸೀರೆ, ಊದಿದ ಕಾಲು, ಎತ್ತಲಾರದ ಚೀಲ. ಬಾಗಿಲು ದಾಟುವಾಗ ಚೀಲ ಕೈಯಿಂದ ಜಾರಿ ಬಿತ್ತು. ಹಿಂದಿದ್ದವರು ಅದನ್ನು ದಾಟಿಕೊಂಡು ಹೋದರು. ಮುದುಕಿ ಅತ್ತಿತ್ತ ನೋಡಿದಳು.

ಅಷ್ಟೇ. ತಂಗಿ ಸತ್ತು ಮಲಗಿದ್ದಾಳೆ, ಹೊತ್ತು ಓಡುತ್ತಿದೆ, ಆದರೂ ಆ ದರಿದ್ರ ಕೈ ತಾನಾಗಿ ಚೀಲದ ಕಡೆ ಹೋಯಿತು. ಒಂದು ಬಗಲಲ್ಲಿ ಸೀರೆಯ ಚೀಲ, ಇನ್ನೊಂದು ಕೈಯಲ್ಲಿ ಮುದುಕಿಯ ಚೀಲ. "ಬರ್ರಿ ಅಜ್ಜಿ, ಹತ್ತ್ರಿ" ಎಂದ. ಅವಳಿಗೆ ಕನ್ನಡ ತಿಳಿಯದು, ಆದರೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲಲ್ಲಿದ್ದ ಹುಡುಗಿ ಮುದುಕಿಯ ಪಾಸು ನೋಡಿದಳು, ಇವನು ಮಗನಿರಬೇಕೆಂದುಕೊಂಡಳು, ಇಬ್ಬರನ್ನೂ ಬಿಟ್ಟಳು. ಅವಳನ್ನು ಬಸ್ಸಿನೊಳಗೆ ಕೂಡಿಸಿ ಇಳಿಯಬೇಕು ಅನ್ನುವಷ್ಟರಲ್ಲಿ ಜನ ಒತ್ತಿಕೊಂಡು ಬಂದರು, ಬಾಗಿಲು ಮುಚ್ಚಿತು. ಇರಲಿ, ಯಾವ ಬಸ್ಸಾದರೇನು, ಎರಡೂ ಹೋಗುವುದು ಅಲ್ಲಿಗೇ ತಾನೆ ಎಂದುಕೊಂಡ ದುರುಗಣ್ಣ.

ವಿಮಾನದ ಮೆಟ್ಟಿಲನ್ನೂ ಮುದುಕಿಯ ಕೈ ಹಿಡಿದೇ ಹತ್ತಿದ, ಅಲ್ಲೂ ಮುದುಕಿಯ ಪಾಸಷ್ಟೇ ನೋಡಿ ಇಬ್ಬರನ್ನೂ ಬಿಟ್ಟರು. ಅವಳನ್ನು ಕೂಡಿಸಿ ತನ್ನ ನಂಬರಿನ ಸೀಟಿಗೆ ಹೋದರೆ ಅಲ್ಲೊಬ್ಬರು ಕೂತಿದ್ದರು. ಬಸ್ಸಿನ ಮನುಷ್ಯನಿಗೆ ಇದು ಹೊಸದೇ? ಜಗಳ ಯಾಕೆ ಎಂದು ಹಿಂದೆ ಖಾಲಿಯಿದ್ದ ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಅದೇನೋ ಇಂಗ್ಲಿಷಿನಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ಅವನ ಕಿವಿಯಲ್ಲಿ ಮೀನಾಕ್ಷಿಯ ಜಗಳದ ದನಿಯೇ ತುಂಬಿತ್ತು. ಬಂದೆ ಕಣವ್ವ, ಬಂದೆ ಎಂದು ಒಳಗೊಳಗೇ ಅನ್ನುತ್ತಿದ್ದ.

ವಿಮಾನ ಮೋಡದ ಮೇಲೇರಿ ಬಹಳ ಹೊತ್ತಾದ ಮೇಲೆ ಪಕ್ಕದವನನ್ನು ಸಂತೆಯ ಉರ್ದುವಿನಲ್ಲಿ ಕೇಳಿದ: "ಭಾಯ್, ಸೂರತ್ ಕಿತ್ತಾ ಟೈಮ್?"

ಪಕ್ಕದವನು ಇವನ ಮುಖ ನೋಡಿದ. "ಸೂರತ್? ಏ ತೋ ಭುವನೇಶ್ವರ್ ಜಾ ರಹಾ ಹೈ."

ದುರುಗಣ್ಣ ಎದ್ದು ನಿಂತ. ಬಾಯಿಂದ ಬಂದದ್ದು ಒಂದೇ ಮಾತು. "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತ ವಿಮಾನದ ಗೋಡೆಗೆ ಅಂಗೈಯಿಂದ ಬಡಿದ. ನಿಲ್ದಾಣದ ಗದ್ದಲವನ್ನೆಲ್ಲ ಅಡಗಿಸುತ್ತಿದ್ದ ಗಂಟಲು ಅದು. ಒಬ್ಬಿಬ್ಬರು ಕಿರುಚಿದರು, ಹಿಂದೆ ಯಾರೋ ನಕ್ಕರು. ಓಡಿ ಬಂದ ಗಗನಸಖಿಯರಲ್ಲಿ ಒಬ್ಬಳಿಗೆ ಕನ್ನಡ ಬರುತ್ತಿತ್ತು.

"ಸರ್, ಕೂತ್ಕೊಳ್ಳಿ. ಮಧ್ಯದಲ್ಲಿ ಎಲ್ಲೂ ನಿಲ್ಸೋಕಾಗಲ್ಲ."

"ಅವ್ವಾ, ನನ್ ತಂಗಿ ಹೆಣ ನನ್ ದಾರಿ ಕಾಯ್ತಾ ಐತೆ. ಎಲ್ಲಾದ್ರೂ ಇಳಿಸಿಬಿಡವ್ವ, ನಡ್ಕಂಡಾದ್ರೂ ಹೋಗ್ತೀನಿ. ಈ ಸೀರೆ ಮುಟ್ಟಿಸಬೇಕು."

ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವನ ಭುಜ ಹಿಡಿದು ಕೂಡಿಸಿದಳು, ನೀರು ಕೊಟ್ಟಳು, ಬೇರೇನು ಮಾಡಿಯಾಳು? ಆಕಾಶದಲ್ಲಿ ಇಳಿಯುವ ಜಾಗ ಎಲ್ಲಿದೆ? ತಂಗಿಯಿಂದ ದೂರ ದೂರ ಹೋಗುತ್ತಿದ್ದೇನೆಂದು ತಿಳಿದೂ ತಿಳಿದೂ ಅವನು ಸುಮ್ಮನೆ ಕೂತಿರಬೇಕಾಯಿತು. ಶತ್ರುವಿಗೂ ಬೇಡ ಅಂಥ ಹೊತ್ತು.

ಭುವನೇಶ್ವರದಲ್ಲಿ ಇಳಿದಾಗ ವಿಮಾನದವರು ಕೈಮುಗಿದರು, ಕ್ಷಮೆ ಕೇಳಿದರು, ನಾಳೆ ಕಳಿಸುತ್ತೇವೆ ಎಂದರು. ನಾಳೆ! ಮುದುಕಿಯನ್ನು ಕರೆದೊಯ್ಯಲು ಅವಳ ಮಗ ಬಂದಿದ್ದ. ಅವಳು ದುರುಗಣ್ಣನ ಕಡೆ ಬೆರಳು ಮಾಡಿ ಮಗನಿಗೆ ಏನೋ ಹೇಳಿದಳು, ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಹರಸಿ ಹೋದಳು. ಅವಳದೇನು ತಪ್ಪು? ಆದರೂ ಆ ಕೈ ಅವನಿಗೆ ಕೆಂಡದಂತೆ ಸುಟ್ಟಿತು.

ಫೋನು ಹಚ್ಚಿದ. ಗುರುಮೂರ್ತಿ ಎತ್ತಿದವನೇ, "ಎಲ್ಲಿದೀರಿ ಭಾವ? ಇಳಿದ್ರೇನು? ಎಲ್ಲಾ ತಯಾರಾಗೈತೆ, ನಿಮ್ಮೊಬ್ಬರದೇ ದಾರಿ ನೋಡ್ತಿದೀವಿ" ಎಂದ.

ದುರುಗಣ್ಣ ಹೇಳಿದ. ಹೇಗೆ ಹೇಳಿದನೋ ಅವನಿಗೇ ತಿಳಿಯದು.

"ಯಾರದೋ ಚೀಲ ಎತ್ತಾಕ ಹೋದ್ರಾ ಭಾವ?" ಎಂದ ಗುರುಮೂರ್ತಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಆಸ್ಪತ್ರಿಯಾಗೂ ಆಕಿ ಅಣ್ಣ ಬಂದ್ನೇನು ಅಂತಾನೇ ಕೇಳ್ತಿದ್ಲು."

ಆಮೇಲೆ ಒಬ್ಬ ಹೆಂಗಸಿನ ದನಿ ಬಂತು. "ಅಣ್ಣ, ನಾನು ನುಜತ್. ಪಕ್ಕದ ಮನೆಯಾಕಿ. ನನ್ ತವರು ಹರಿಹರ. ಹಬ್ಬಕ್ಕೆ ತಂದ ಹೊಸ ಸೀರೆ ಐತೆ, ಇನ್ನಾ ಉಟ್ಟಿಲ್ಲ. ಹೊತ್ತು ಇಳೀತಾ ಬಂತು. ನೀವು ಹ್ಞೂಂ ಅಂದ್ರ ನಿಮ್ ಪರವಾಗಿ ನಾನು ಹೊದಿಸ್ತೀನಿ. ಆಕಿ ನನ್ ತಂಗಿ ಇದ್ದಂಗೇ ಇದ್ಲಣ್ಣ."

ಒಂದು ಮಾತು ಹೇಳಬೇಕಿತ್ತು. ಆ ಮಾತು ಹೇಳಿದರೆ ತಾನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ದುರುಗಣ್ಣ ಚೀಲದಿಂದ ಸೀರೆ ತೆಗೆದ. ವಿಡಿಯೋ ಹಾಕಿಸಿ, ಫೋನನ್ನು ಮೀನಾಕ್ಷಿಯ ಮುಖದ ಹತ್ತಿರ ಹಿಡಿಯಲು ಹೇಳಿದ. ಅಷ್ಟೊಂದು ಜನ ಓಡಾಡುವ ಜಾಗದಲ್ಲಿ, ಕುರ್ಚಿಗಳ ನಡುವೆ ನಿಂತು, ಹಸಿರು ಸೀರೆಯ ಮಡಿಕೆ ಬಿಚ್ಚಿ ಆ ಸಣ್ಣ ಫೋನಿನ ಮುಂದೆ ಹರವಿ ಹಿಡಿದ. "ನೋಡವ್ವ, ತಂದೀನಿ. ನೋಡು. ಅಂಚು ಚಲೋ ಐತಿಲ್ಲೋ?" ಮೂಗಿಗೆ ಹತ್ತಿ ಇಟ್ಟ ಮುಖ ಸುಮ್ಮನಿತ್ತು.

"ಹೊದಿಸವ್ವ ನುಜತ್" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಸೂರತ್ತಿನಲ್ಲಿ ಬೇರೆ ಯಾರದೋ ಸೀರೆ ಹೊದ್ದು ಅವನ ತಂಗಿ ಮಣ್ಣಿಗೆ ಹೋಗುವುದನ್ನು ಕೊನೆಯ ಹಿಡಿ ಬೀಳುವತನಕ ನೋಡಿದ.

ಮೀನಾಕ್ಷಿ ಹೋಗಿ ಒಂದು ಪಂಚಮಿ ಕಳೆಯಿತು. ಸೀರೆ ಮತ್ತೆ ಕಪಾಟು ಸೇರಿದೆ. "ಯಾರಿಗಾದ್ರೂ ಬಡವ್ರಿಗೆ ಕೊಟ್ಟುಬಿಡನ" ಎಂದು ಕರಿಯವ್ವ ಒಮ್ಮೆ ಅಂದಳು. "ಅದು ಮೀನಾಕ್ಷೀದು" ಎಂದನಂತೆ, ಅಷ್ಟೆ.

ನಿಲ್ದಾಣಕ್ಕೆ ಈಗಲೂ ಬರುತ್ತಾನೆ. ಬೇರೆ ಕೆಲಸ ಗೊತ್ತಿಲ್ಲವಲ್ಲ. "ಹರಿಹರ" ಎಂದು ಒಂದು ಸಲ ಅನ್ನುತ್ತಾನೆ, ಎರಡನೆಯದು ಬರುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ ದೊಡ್ಡ ಚೀಲ ಎಳೆದುಕೊಂಡು ಅವನ ಮುಂದೆಯೇ ಬಂದು ನಿಂತಳು.

"ಹರಿಹರದ ಬಸ್ ಯಾವುದಪ್ಪ? ಈ ಚೀಲ ಒಂದಿಷ್ಟು ಹಿಡಿ, ಪುಣ್ಯ ಬರ್ತೈತೆ ನಿಂಗೆ."

ಅವನ ಬಲಗೈ ಚೀಲದ ಕಡೆ ಹೋಯಿತು. ದುರುಗಣ್ಣ ಅದನ್ನು ಎಡಗೈಯಿಂದ ಹಿಡಿದೆಳೆದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನನಗ್ಗೊತ್ತಿಲ್ಲ ಅಜ್ಜಿ. ಬ್ಯಾರೆ ಯಾರನ್ನಾದ್ರೂ ಕೇಳ್ರಿ."

ಅವನ ಬೆನ್ನ ಹಿಂದೆಯೇ ಹರಿಹರದ ಬಸ್ಸು ನಿಂತಿತ್ತು. ಸ್ಟೇರಿಂಗ್ ಹಿಡಿದು ಕೂತಿದ್ದ ಮಾರಪ್ಪ ಅಜ್ಜಿಯನ್ನು ನೋಡಿದ, ಇವನನ್ನು ನೋಡಿದ, ಕಾಯುತ್ತ ಕೂತ.

"ರೈಟ್" ಎಂದ ದುರುಗಣ್ಣ.

ಬಸ್ಸು ಹೊರಟುಹೋಯಿತು. ಅಜ್ಜಿ ಚೀಲದ ಪಕ್ಕದಲ್ಲಿ ನಿಂತೇ ಇದ್ದಳು.