ಮುಯ್ಯಿಗೆ ಬಂದ ಅಕ್ಕ

ಮೊನ್ನೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಚೆಂಡು ಹೂವಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕ ಕೂತಳು. ಆ ಕಟು ವಾಸನೆ ಮೂಗಿಗೆ ಹೊಡೆದಿದ್ದೇ ತಡ, ಪಕ್ಕದ ಹೊಲದ ಅಕ್ಕ ನೆನಪಾದಳು. ಅಳು ಬರಲಿಲ್ಲ. ಈಗೀಗ ಬರುವುದೂ ಇಲ್ಲ.

ಅಕ್ಕ ಹರವೆ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು. ಅವಳ ಹೊಲ, ನಮ್ಮ ಹೊಲ ಒಂದೇ ಬದುವಿನ ಆಚೆ ಈಚೆ. ಹೂ ಬಿಡಿಸೋಕೆ ಆಳು ಸಿಗುವುದಿಲ್ಲ, ಅದಕ್ಕೇ ನಮ್ಮಲ್ಲಿ ಮುಯ್ಯಾಳು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಮುಯ್ಯಿ ತಪ್ಪಿಸಿದವಳ ಹೊಲಕ್ಕೆ ಆಮೇಲೆ ಯಾರೂ ಕಾಲಿಡುವುದಿಲ್ಲ. ಅಕ್ಕ ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಯಾವಾಗಲೂ ಅಂಚಿನ ಸಾಲನ್ನೇ ಹಿಡಿಯುವಳು. ಅರ್ಧ ಸಾಲಿಗೇ ಹೊಟ್ಟೆ ಹಿಡಿದುಕೊಂಡು ಬೇಲಿ ಮರೆಗೆ ಓಡುವಳು... ವರ್ಷಗಳಿಂದ ಅವಳ ದೊಡ್ಡ ಕರುಳಲ್ಲಿ ಊತ, ಹುಣ್ಣು. ರಕ್ತ ಹೋಗುತ್ತಿತ್ತು. ಕೇಳಿದವರಿಗೆಲ್ಲ "ಉಷ್ಣ ಕಣಮ್ಮಿ" ಅಂದು ಸುಮ್ಮನಾಗುವಳು.

ಒಂದು ವರ್ಷ ಅವಳು ನುಂಗುತ್ತಿದ್ದ ಯಾವ ಮಾತ್ರೆಗೂ ಅದು ಬಗ್ಗಲಿಲ್ಲ. ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಕರುಳೊಳಗೆ ಕ್ಯಾಮೆರಾ ಹಾಕಿ, ಚೂರು ತೆಗೆದು ನೋಡಿದ ಡಾಕ್ಟರು, ಊತದ ಜೊತೆ ವೈರಸ್ಸೂ ಸೇರಿಕೊಂಡಿದೆ ಅಂದರು. ಊತ ಇಳಿಸುವ ಔಷಧಿ ಮೈಯ ಶಕ್ತಿ ತಗ್ಗಿಸುತ್ತದಂತೆ. ಒಳಗೆ ಸುಮ್ಮನೆ ಮಲಗಿದ್ದದ್ದು ಅದರಿಂದ ಎದ್ದಿದೆಯಂತೆ. ಅದಕ್ಕೆ ಬೇರೆ ಔಷಧಿ ಕೊಟ್ಟರು. ಕೆಲವು ವಾರದಲ್ಲಿ ಅಕ್ಕ ಎದ್ದು ಓಡಾಡಿದಳು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ವೈರಸ್ ಹೋಗಿದೆ, ಊತದ ಕಾಯಿಲೆ ಹೋಗಿಲ್ಲಮ್ಮ. ಹಳೇ ಊತ ಕ್ಯಾನ್ಸರಿಗೆ ತಿರುಗಬಹುದು. ವರ್ಷ ವರ್ಷ ಕ್ಯಾಮೆರಾ ಹಾಕಿಸಲೇಬೇಕು." ಇಬ್ಬರೂ ತಲೆ ಆಡಿಸಿದೆವು.

ಊರಿಗೆ ಬಂದ ಮೇಲೆ ಅಕ್ಕನ ಬಾಯಲ್ಲಿ ಒಂದೇ ಮಾತು, ವೈರಸ್ಸು. ಕೊರೊನಾ ಕಂಡ ಊರಿಗೆ ಅದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ. "ನಂಗೇನೂ ಆಗಿರ್ನಿಲ್ಲ ಕಣ್ರವ್ವ, ವೈರಸ್ಸು ಬಂದು ಓಯ್ತು" ಅಂತ ಎಲ್ಲರೆದುರೂ ಹೇಳುವಳು. ರಕ್ತದ ವಿಚಾರ ಎತ್ತಲು ನಾಚಿ ಸಾಯುತ್ತಿದ್ದವಳಿಗೆ ಹೇಳಿಕೊಳ್ಳಬಹುದಾದ ಒಂದು ಹೆಸರು ಸಿಕ್ಕಿತ್ತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷ ಕ್ಯಾಮೆರಾ ಹಾಕಿಸಲು ಮೈಸೂರಿಗೆ ಬರಹೇಳಿದ್ದ ದಿನವೇ ನಮ್ಮ ಹೊಲದ ಹೂ ಬಿಡಿಸುವ ದಿನ. ಓಣಂ ಹತ್ತಿರ ಬಂದಿತ್ತು, ಮಧ್ಯಾಹ್ನಕ್ಕೆ ಹೂ ಒಯ್ಯುವ ಕೇರಳದ ಗಾಡಿ. ಅಕ್ಕನಿಗೆ ಮತ್ತೆ ರಕ್ತ ಕಾಣಿಸುತ್ತಿತ್ತು, ನನ್ನೊಬ್ಬಳಿಗೇ ಹೇಳಿದ್ದಳು. ಆದರೂ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು.

"ನಿನ್ ಮುಯ್ಯಿ ತೀರಿಸ್ಬುಟ್ಟು ಓಯ್ತೀನಿ ಬುಡು. ಅದೇ ವೈರಸ್ಸು ಕಣಮ್ಮಿ. ಓದ್ಸಲದ ಮಾತ್ರೆ ನಾಕು ಉಳ್ದಿದ್ವು, ನುಂಗಿವ್ನಿ."

ಹೂ ಹಾಳಾಗಿ ಹೋಗಲಿ, ನೀನು ಹೊರಡಕ್ಕ, ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಅವಳ ಕೈಗೆ ಚೀಲ ಕೊಟ್ಟೆ. ಮುಂದಿನ ವಾರ ಇನ್ನೊಬ್ಬರ ಮುಯ್ಯಿ, ಆಮೇಲೆ ದಸರಾ, ದೀಪಾವಳಿ, ಅವರೆಕಾಯಿ ಕಾಲ... ದಿನ ಹೋದವು.

ಮತ್ತೆ ಮೈಸೂರಿಗೆ ಹೋಗುವ ಹೊತ್ತಿಗೆ ಅಕ್ಕ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಈ ಸಲ ಕ್ಯಾನ್ಸರು, ಲಿವರಿಗೂ ಹಬ್ಬಿದೆ ಅಂದರು. ಡಾಕ್ಟರು ಹಳೇ ಚೀಟಿ ತಿರುವಿ ನೋಡಿ, "ಅವತ್ತು ಬರಲೇಬೇಕು ಅಂದಿದ್ದೆನಲ್ಲಮ್ಮ, ಯಾಕೆ ಬರಲಿಲ್ಲ?" ಅಂತ ಕೇಳಿದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಬಸ್ಸು ಸಿಕ್ನಿಲ್ಲ ಸಾ" ಅಂದಳು.

ನಾನು ಹಳೇ ಚೀಟಿಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಮುಂಗಾರಿಗೆ ಮುಂಚೆಯೇ ಅಕ್ಕ ಹೋದಳು...

ಮೊನ್ನೆ ಊರಿಗೆ ವಾಪಸು ಬಂದು ಬಸ್ಸಿಳಿದಾಗ ಅವಳ ಗಂಡ ಸಿಕ್ಕರು. ಸಿಕ್ಕಾಗಲೆಲ್ಲ ಆಡುವ ಮಾತನ್ನೇ ಆಡಿದರು. "ಆಳಾದ್ ವೈರಸ್ಸು ಕಣವ್ವ, ತಿಂದಾಕ್ಬುಡ್ತು ಅವುಳ್ನ."

"ಹೂಂ ಭಾವ" ಅಂದೆ.

"ನೀನಾದ್ರೂ ಕೊನೆಗಂಟ ಜೊತೇಲಿದ್ದೆ ಬುಡವ್ವ" ಅಂದರು.

ಅದಕ್ಕೂ ಹೂಂ ಅಂದೆ.